ಲೆಸಿಯೇಲಿಯ ಸೀಟು ಬಿಟ್ಟುಕೊಟ್ಟವರು ಯಾರು?

ಜೂನ್ 3, ಮಂಗಳವಾರ, ಬೆಳಿಗ್ಗೆ 9.15. ಟೋಂಗಾದ ರಾಜಧಾನಿ ನುಕುಅಲೋಫಾದ ಬಂದರು ಠಾಣೆಯ ಇನ್ಸ್‌ಪೆಕ್ಟರ್ ಕೆಪೂ ಹಾವಿಲಿ ನಾಲ್ಕನೇ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು. ಹಾವಿಲಿ ಸಣ್ಣ ಆಳಲ್ಲ. ಅವರು ಎದ್ದು ನಿಂತರೆ ಕುರ್ಚಿಯೇ ‘ಅಬ್ಬಾ’ ಎಂದು ಉಸಿರು ಬಿಡುತ್ತಿತ್ತು. ಬಾಗಿಲಲ್ಲಿ ಇಪ್ಪತ್ತೇಳರ ಲೆಸಿಯೇಲಿ ಕಾಗದವೊಂದನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು.

“ನನ್ನ ಸ್ಕಾಲರ್‌ಶಿಪ್ ಯಾರೋ ಬಿಟ್ಟುಕೊಟ್ಟಿದ್ದಾರೆ ಸಾರ್.”

“ಕದ್ದಿದ್ದಾರೆ ಅನ್ನು.”

“ಕದ್ದಿಲ್ಲ. ನನ್ನ ಹೆಸರಲ್ಲೇ ‘ನನಗೆ ಬೇಡ’ ಅಂತ ಬರೆದು ಕಳಿಸಿದ್ದಾರೆ.”

ಹಾವಿಲಿ ಕಾಗದ ಇಸಿದುಕೊಂಡು ಓದಿದರು. ಸ್ಕಾಟ್‌ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ನಾಲ್ಕು ವರ್ಷದ ಡಾಕ್ಟರೇಟ್. ಶುಲ್ಕ, ವಿಮಾನದ ಟಿಕೆಟ್, ಊಟ, ವಸತಿ ಎಲ್ಲ ಅವರದೇ. ಪೆಸಿಫಿಕ್ ದ್ವೀಪಗಳಿಗೆಲ್ಲ ಸೇರಿ ಒಂದೇ ಸೀಟು. ಅದು ಸಮುದ್ರದ ದೈತ್ಯ ಕಪ್ಪೆಚಿಪ್ಪುಗಳನ್ನು ಸಾಕುವ ಈ ಹುಡುಗಿಗೆ ಸಿಕ್ಕಿತ್ತು. ಈಗ ಅವರು ಬರೆದಿದ್ದರು: ‘ನಿಮ್ಮ ನಿರಾಕರಣೆ ಶನಿವಾರ 10.40ಕ್ಕೆ ತಲುಪಿದೆ.’

“ಫೋನ್ ಮಾಡಿದೆ ಸಾರ್. ಬರೆದದ್ದು ನಾನಲ್ಲ ಅಂತ ಪೊಲೀಸರು ಶುಕ್ರವಾರದೊಳಗೆ ತಿಳಿಸಿದ್ರೆ ಸೀಟು ನಂದು. ಇಲ್ಲದಿದ್ರೆ ಎರಡನೆಯವರಿಗೆ.”

“ಎರಡನೆಯವರು ಯಾರು?”

“ನಮ್ಮ ಸಂಶೋಧನಾ ಕೇಂದ್ರದವನೇ. ಪೌಲಿಯಾಸಿ.”

ಹಾವಿಲಿ ಬ್ರೆಡ್ಡು ಕೆಳಗಿಟ್ಟರು. ಅವರು ಬ್ರೆಡ್ಡು ಕೆಳಗಿಟ್ಟದ್ದನ್ನು ಆ ಠಾಣೆಯಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ.

“ನೀನೇ ಬರೆದು ಆಮೇಲೆ ಮನಸ್ಸು ಬದಲಾಯಿಸಿಲ್ಲ ತಾನೆ?”

ಹುಡುಗಿಯ ಕಣ್ಣು ತುಂಬಿತು. ಹಾವಿಲಿಗೆ ಅದರ ಮೇಲೂ ನಂಬಿಕೆ ಬರಲಿಲ್ಲ. ಆದರೂ 9.50ಕ್ಕೆ ಎಫ್‌ಐಆರ್ ದಾಖಲಾಯಿತು.

11.00. ಕೇಂದ್ರ ಎಂದರೆ ದೊಡ್ಡ ಚರ್ಚಿನ ಹಿಂದೆ, ಇನ್ನೂರು ಹೆಜ್ಜೆ ದೂರದಲ್ಲಿ, ಕಡಲಿಗೆ ಮುಖ ಮಾಡಿದ ಎರಡು ಕೋಣೆ, ಆರು ತೊಟ್ಟಿ. ಕೆಲಸ ಮಾಡುವವರು ಮೂವರು, ಬೀಗದ ಕೈ ಮೂರು, ಕಂಪ್ಯೂಟರು ಒಂದೇ. ಲೆಸಿಯೇಲಿಯ ಇಮೇಲ್ ಅದರಲ್ಲಿ ಸದಾ ತೆರೆದೇ ಇರುತ್ತಿತ್ತು.

“ಮುಚ್ಚೋಕೆ ಏನು ರೋಗ?”

“ಇಂಟರ್‌ನೆಟ್ ಒಂದ್ಸಲ ಸಿಕ್ಕಿದ್ರೆ ಮುಚ್ಚೋಕೆ ಧೈರ್ಯ ಬರಲ್ಲ ಸಾರ್.”

ಕಳಿಸಿದ ಪತ್ರವನ್ನು ಯಾರೋ ಅಳಿಸಿಹಾಕಿದ್ದರು. ಪಂಚನಾಮೆ ಮಾಡಿ ಕಂಪ್ಯೂಟರನ್ನು ವಶಪಡಿಸಿಕೊಂಡರು. ಅದನ್ನು ಬಿಚ್ಚಿ ನೋಡಬಲ್ಲ ತಂತ್ರಜ್ಞ ಇಡೀ ದ್ವೀಪಕ್ಕೆ ಒಬ್ಬನೇ. ಗುರುವಾರ ಹೇಳುತ್ತೇನೆ ಎಂದ, ಅದೂ ದೊಡ್ಡ ಉಪಕಾರವೆಂಬಂತೆ.

ಹಾಜರಿ ಪುಸ್ತಕದಲ್ಲಿ ಶನಿವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಒಂದೇ ಸಹಿ. ಪೌಲಿಯಾಸಿಯದು.

ಕೇಂದ್ರದ ಮುಖ್ಯಸ್ಥ ಕಿತಿಯೋನೆ ಇನ್ಸ್‌ಪೆಕ್ಟರನ್ನು ಬಾಗಿಲವರೆಗೆ ಬೀಳ್ಕೊಟ್ಟರು. ಐವತ್ತೈದರ ಮನುಷ್ಯ. ಚರ್ಚಿನ ಗಾಯನ ತಂಡದಲ್ಲಿ ಬೇಸ್ ಎಂಬ ತಗ್ಗಿನ ದನಿಯ ಮುಂದಾಳು. ಅವರು ಸ್ವರ ಇಳಿಸಿದರೆ ಮುಂದಿನ ಸಾಲಿನ ಮುದುಕಿಯರ ಕಟ್ಟಿಸಿದ ಹಲ್ಲು ಅಲುಗಾಡುತ್ತದೆಂದು ಊರೆಲ್ಲ ಹೇಳುತ್ತಿತ್ತು.

“ಪಾಪದ ಹುಡುಗಿ. ಹೇಗಾದ್ರೂ ಮಾಡಿ ಹುಡುಕಿ,” ಎಂದರು. ಹಾವಿಲಿ ಅದನ್ನೂ ಪುಸ್ತಕದಲ್ಲಿ ಗುರುತು ಹಾಕಿಕೊಂಡರು.

ಮಧ್ಯಾಹ್ನ 2.00, ಠಾಣೆ. ಪೌಲಿಯಾಸಿಯ ವಿಚಾರಣೆ.

“ಶನಿವಾರ ಕೇಂದ್ರಕ್ಕೆ ಯಾಕೆ ಹೋದೆ?”

“ತೊಟ್ಟಿ ನೀರು ಬದಲಾಯಿಸೋಕೆ.”

“ಅವಳ ಸೀಟು ಹೋದ್ರೆ ಯಾರಿಗೆ?”

“ನನಗೆ.”

“ನಿನಗೆ ಬೇಕಾ?”

“ಬೇಕು ಸಾರ್. ಸುಳ್ಳು ಯಾಕೆ ಹೇಳ್ಲಿ, ಅವಳಿಗೆ ಬಂದ ದಿನ ನಾನು ಊಟ ಬಿಟ್ಟಿದ್ದೆ. ಆದ್ರೆ ನಾನು ಬರೆದಿಲ್ಲ.”

ಸಂಜೆ 4.30. ಲೆಸಿಯೇಲಿಯ ಸೋದರತ್ತೆ ಲವೀನಿಯಾ. ಹುಡುಗಿ ಹೊರಟಳೆಂದು ಅತ್ತೆ ಬೀದಿಗೆಲ್ಲ ಕೇಳುವಂತೆ ಅತ್ತಿದ್ದರೆಂಬ ಮಾಹಿತಿ ಬಂದಿತ್ತು. ಅಪ್ಪನ ಅಕ್ಕ ಎಂದರೆ ಆ ಮನೆಯಲ್ಲಿ ಅಪ್ಪನಿಗಿಂತ ಮೇಲೆ. ಟೋಂಗಾದ ಯಾವ ಮನೆಗೆ ಹೋದರೂ ಅಷ್ಟೇ. ಹಾವಿಲಿ ಅವರ ಮುಂದೆ ಚಾಪೆಯ ಮೇಲೆ ಕಾಲು ಮಡಚಿ ಕೂತರು. ಮತ್ತೆ ಏಳುವುದು ಹೇಗೆಂಬ ಚಿಂತೆ ಕೂತ ಕೂಡಲೇ ಹತ್ತಿತು.

“ಅವಳು ಹೋಗೋದು ನಿಮಗೆ ಇಷ್ಟ ಇರ್ಲಿಲ್ವಂತೆ?”

“ಏಯ್ ಕೆಪೂ, ನಿನ್ನ ಚಡ್ಡಿ ಒಗೆದವಳು ನಾನು. ನೆಟ್ಟಗೆ ಕೇಳು.”

“ಸೀಟು ಬೇಡ ಅಂತ ನೀವು ಬರೆಸಿದ್ರಾ ಅತ್ತೆ?”

“ನನಗೆ ಬೇಡ ಅನ್ನಿಸಿದ್ರೆ ‘ಕೂತ್ಕೊಳ್ಳೇ’ ಅಂತಿದ್ದೆ. ಅವಳು ಕೂತ್ಕೋತಿದ್ಲು. ಕದ್ದು ಕಾಗದ ಬರೆಯೋದು ಮಾತು ನಡೆಯದವರ ಕೆಲಸ. ನನ್ನ ಮಾತು ನಡೆಯದ ಮನೆ ಒಂದು ತೋರಿಸು.”

“ಮತ್ತೆ ಅತ್ತಿದ್ದು?”

“ಕಳಿಸೋರು ಅಳ್ತಾರಪ್ಪಾ. ಅಳದೆ ಕೂತವನು ಯಾವನಿದಾನೆ ನೋಡು. ಈಗ ಎದ್ದೇಳು, ಚಾಪೆ ಹರಿದೀತು.”

ಅವರನ್ನು ಎಬ್ಬಿಸಲು ಕಾನ್‌ಸ್ಟೇಬಲ್ ಲೂಸಿಯಾ ಕೈ ಕೊಡಬೇಕಾಯಿತು.

ಜೂನ್ 4, ಬುಧವಾರ, ಬೆಳಿಗ್ಗೆ 10.00. ಹಾವಿಲಿ ಪೌಲಿಯಾಸಿಯ ಬಂಧನಕ್ಕೆ ಕಾಗದ ಸಿದ್ಧಪಡಿಸಿದರು. ಬೇಕೆಂಬ ಆಸೆ ಇತ್ತು, ಬೀಗದ ಕೈ ಇತ್ತು, ಆ ಹೊತ್ತಿಗೆ ಅಲ್ಲಿದ್ದದ್ದೂ ಅವನೊಬ್ಬನೇ. ಟೈಪ್ ಮಾಡುತ್ತಿದ್ದ ಲೂಸಿಯಾ ಕೈ ನಿಲ್ಲಿಸಿದರು. ಇಪ್ಪತ್ತೆರಡು ವರ್ಷ ಸರ್ವೀಸಾದ ಹೆಂಗಸು, ಸುಮ್ಮನೆ ಕೈ ನಿಲ್ಲಿಸುವವರಲ್ಲ.

“ಸಾರ್, ಈ ಹತ್ತು ನಲವತ್ತು ಯಾರ ಗಡಿಯಾರದ್ದು?”

“ಅಂದ್ರೆ?”

“ನನ್ನ ತಂಗಿ ಅದೇ ದೇಶದಲ್ಲಿದಾಳೆ. ಈ ತಿಂಗಳಲ್ಲಿ ಅವಳ ಗಡಿಯಾರ, ನಮ್ಮ ಗಡಿಯಾರ ಒಂದೇ ಗಂಟೆ ತೋರಿಸ್ತವೆ. ಅಲ್ಲಿ ರಾತ್ರಿ, ಇಲ್ಲಿ ಹಗಲು, ಅಷ್ಟೇ. ಅವರ ಶನಿವಾರ ರಾತ್ರಿ ಹತ್ತು ನಲವತ್ತು ಅಂದ್ರೆ ನಮಗೆ ಭಾನುವಾರ ಬೆಳಿಗ್ಗೆ ಹತ್ತು ನಲವತ್ತು.”

“ಅವರ ಬೆಳಿಗ್ಗೇನೂ ಇರಬಹುದಲ್ಲ?”

“ಆಗ ನಮಗೆ ಶನಿವಾರ ರಾತ್ರಿ. ಆವತ್ತು ರಾತ್ರಿಯೆಲ್ಲ ಕರೆಂಟ್ ಇರ್ಲಿಲ್ಲ. ನಿಮ್ಮ ಹೆಂಡ್ತಿ ಠಾಣೆಗೆ ಫೋನ್ ಮಾಡಿ ನನಗೇ ಬೈದಿದ್ರು.”

ಬಂಧನದ ಕಾಗದ ಮೇಜಿನ ಖಾನೆಗೆ ಹೋಯಿತು. ಗುರುವಾರ ಬೆಳಿಗ್ಗೆ 8.30ಕ್ಕೆ ತಂತ್ರಜ್ಞನೂ ಅದನ್ನೇ ಹೇಳಿದ: ಕಂಪ್ಯೂಟರು ಶುರುವಾದದ್ದು ಭಾನುವಾರ 10.31ಕ್ಕೆ, ನಿಂತದ್ದು 10.49ಕ್ಕೆ.

ಭಾನುವಾರ ಕೆಲಸ ಮಾಡುವುದು ಟೋಂಗಾದಲ್ಲಿ ಕಾನೂನಿಗೇ ವಿರುದ್ಧ. ಅಂಗಡಿಯಿಲ್ಲ, ಬಸ್ಸಿಲ್ಲ, ವಿಮಾನವೂ ಇಳಿಯುವುದಿಲ್ಲ. ಹತ್ತೂವರೆಗೆ ಬೀದಿಯಲ್ಲಿ ಹಂದಿಗಳು ಮಾತ್ರ ತಿರುಗುತ್ತಿರುತ್ತವೆ. ಊರಿಗೆ ಊರೇ ಚರ್ಚಿನಲ್ಲಿತ್ತು. ಬೀಗದ ಕೈ ಇದ್ದ ಮೂವರೂ ಅಲ್ಲೇ ಇದ್ದೆವೆಂದರು. ಪೌಲಿಯಾಸಿ ಹತ್ತೂವರೆಗೆ ವೇದಿಕೆ ಹತ್ತಿ ಬೈಬಲ್ ಓದಿದ್ದನ್ನು ಏಳುನೂರು ಜನ ನೋಡಿದ್ದರು. ಲೆಸಿಯೇಲಿ ಗಾಯನ ತಂಡದ ಮುಂದಿನ ಸಾಲಿನಲ್ಲಿದ್ದಳು. ಕಿತಿಯೋನೆ ಹಿಂದಿನ ಸಾಲು, ಕಂಬದ ಪಕ್ಕ.

“ಅವರನ್ನ ಕಣ್ಣಾರೆ ನೋಡಿದವರು ಯಾರು?” ಎಂದು ಹಾವಿಲಿ ಲೆಸಿಯೇಲಿಯನ್ನು ಕೇಳಿದರು.

“ಹಿಂದೆ ತಿರುಗಿದ್ರೆ ಹಾಡಿನ ಮೇಷ್ಟ್ರು ಕಡ್ಡೀಲಿ ಹೊಡೀತಾರೆ ಸಾರ್. ಬೇಸ್‌ನವರನ್ನ ಯಾರು ನೋಡ್ತಾರೆ, ಕೇಳಿಸ್ಕೋತೀವಿ ಅಷ್ಟೆ. ನೀವೂ ಅಲ್ಲೇ ಇದ್ರಲ್ಲ?”

ಇದ್ದರು. ಬೈಬಲ್ ತೆರೆದ ಕೂಡಲೇ ಕಣ್ಣು ಮುಚ್ಚಿದ್ದರು, ಕೊನೆಯ ‘ಆಮೆನ್’ಗೆ ತೆರೆದಿದ್ದರು. ಲೂಸಿಯಾ ಕಿಟಕಿಯ ಕಡೆ ತಿರುಗಿಕೊಂಡು ನಗು ನುಂಗಿದರು.

“ಆವತ್ತಿನ ಆರಾಧನೆ ರೇಡಿಯೋದಲ್ಲಿ ಬಂತು ಸಾರ್,” ಎಂದರು ಆಮೇಲೆ. “ಅವರ ಹತ್ರ ಧ್ವನಿಮುದ್ರಣ ಇರುತ್ತೆ.”

11.30, ರೇಡಿಯೋ ಕೇಂದ್ರ. ಇಬ್ಬರೂ ಹೆಡ್‌ಫೋನ್ ಕಿವಿಗೆ ಹಾಕಿಕೊಂಡು ಕೇಳಿದರು. 10.05ರ ಮೊದಲ ಹಾಡು. ಕಿತಿಯೋನೆಯ ಸ್ವರ ನೆಲದೊಳಗಿಂದ ಎದ್ದು ಬಂದು ಹಾವಿಲಿಯ ಹೊಟ್ಟೆಯನ್ನೇ ನಡುಗಿಸಿತು. ಆಮೇಲೆ ಪೌಲಿಯಾಸಿಯ ಓದು. 10.42ಕ್ಕೆ ಎರಡನೇ ಹಾಡು. ಹೆಂಗಸರ ದನಿ ಮೇಲೇರಿತು, ಅದರ ಹಿಂದೆಯೇ ಗಂಡಸರ ಎತ್ತರದ ದನಿ. ಕೆಳಗೆ ಏನೂ ಇರಲಿಲ್ಲ. ಬೇಸಿನ ಉಳಿದ ಐವರು ಜಾತ್ರೆಯಲ್ಲಿ ಅಮ್ಮನ ಕೈ ಬಿಟ್ಟ ಮಕ್ಕಳಂತೆ ತಡವರಿಸುತ್ತಿದ್ದರು.

“ಕೇಳಿದ್ರಾ?”

“ಕೇಳ್ದೆ. ಮುಂದಿನ ಹಾಡು ಹಾಕ್ಸು.”

10.54. ಸ್ವರ ಮತ್ತೆ ಬಂದಿತ್ತು. ತುಸು ಏದುಸಿರಿತ್ತು.

ಉದ್ಘೋಷಕ ಮತ್ತು ಚಹಾ ಮಾಡುವ ಹೆಂಗಸನ್ನು ಪಂಚರನ್ನಾಗಿಸಿ ಧ್ವನಿಮುದ್ರಣದ ಪ್ರತಿ ವಶಪಡಿಸಿಕೊಂಡರು.

ಮಧ್ಯಾಹ್ನ 2.20, ಸಂಶೋಧನಾ ಕೇಂದ್ರ. ಕಿತಿಯೋನೆ ತೊಟ್ಟಿಯಲ್ಲಿ ಮೊಣಕೈವರೆಗೆ ಕೈ ಮುಳುಗಿಸಿ ಮರಿಚಿಪ್ಪುಗಳನ್ನು ತಿರುಗಿಸಿಡುತ್ತಿದ್ದರು.

“ಭಾನುವಾರ ಎರಡನೇ ಹಾಡಿನ ಹೊತ್ತಿಗೆ ಎಲ್ಲಿದ್ರಿ?”

“ಹಾಡ್ತಿದ್ದೆ.”

“ರೇಡಿಯೋದವರ ಹತ್ರ ಅದು ಇಲ್ಲ.”

ಕಿತಿಯೋನೆ ಕೈ ಹೊರಗೆ ತೆಗೆಯಲಿಲ್ಲ.

“ಅಷ್ಟು ಗೊತ್ತಾಗುತ್ತಾ?”

“ನನ್ನಂಥ ಕಿವುಡನಿಗೂ ಗೊತ್ತಾಯ್ತು.”

ಬಂಧನದ ಕಾರಣ ಓದಿ ಹೇಳಿದರು. ಇನ್ನೊಬ್ಬರ ಹೆಸರಿನಲ್ಲಿ ಪತ್ರ ಬರೆದದ್ದು ಎಂದಾಗ ಕಿತಿಯೋನೆ ತಲೆಯಾಡಿಸಿದರು. ಭಾನುವಾರ ಕಚೇರಿ ತೆರೆದದ್ದು ಎಂದಾಗ ಮುಖ ಮುಚ್ಚಿಕೊಂಡು ಅತ್ತರು.

ಸಂಜೆ 4.40ಕ್ಕೆ ಪೊಲೀಸ್ ವರದಿ ಸ್ಕಾಟ್‌ಲೆಂಡಿಗೆ ಹೋಯಿತು. ಶುಕ್ರವಾರ ಬೆಳಿಗ್ಗೆ 7.05ಕ್ಕೆ ಉತ್ತರ ಬಂತು: ಸೀಟು ಲೆಸಿಯೇಲಿಗೇ. ಅವಳು ಓಡಿಬಂದು ಸಹಿ ಹಾಕಿದಳು. ಲಾಕಪ್ಪಿನ ಕಡೆ ನೋಡಬಾರದೆಂದು ಎಷ್ಟು ಬಿಗಿಯಾಗಿ ನಡೆದಳೆಂದರೆ ಬಾಗಿಲಿಗೇ ಹಣೆ ತಗುಲಿತು. ನಿಂತಳು.

“ಯಾಕೆ ಅಂತ ಹೇಳಿದ್ರಾ ಸಾರ್?”

ಹಾವಿಲಿ ಹೇಳಿಕೆಯ ಹಾಳೆಯನ್ನು ಅವಳ ಕಡೆ ತಿರುಗಿಸಿದರು. ಅದು ಲೂಸಿಯಾ ಒಂದಕ್ಷರ ಬದಲಾಯಿಸದೆ ಬರೆದುಕೊಂಡದ್ದು.

‘ಇಲ್ಲಿಂದ ಎಂಟು ಜನರಿಗೆ ನಾನೇ ಶಿಫಾರಸು ಪತ್ರ ಬರೆದು ಕಳಿಸಿದೆ. ಎಂಟೂ ಜನ ಡಾಕ್ಟರಾದರು. ಕ್ರಿಸ್ಮಸ್ಸಿಗೆ ಕಾರ್ಡು ಬರುತ್ತದೆ, ಅವರು ಬರುವುದಿಲ್ಲ. ಈ ಸಲವೂ ಒಬ್ಬರು ಹೋಗುವುದು ಖಂಡಿತ ಎಂದು ಗೊತ್ತಿತ್ತು. ಪೌಲಿಯಾಸಿ ಹೋಗಲಿ ಎಂದುಕೊಂಡೆ. ಲೆಸಿಯೇಲಿಯ ಬಗ್ಗೆ ಬರೆದ ಪತ್ರದಲ್ಲಿ ಉತ್ಪ್ರೇಕ್ಷೆ ಒಂದು ಮಾತೂ ಇಲ್ಲ. ಒಂಬತ್ತು ಜನರಲ್ಲಿ ಅವಳಷ್ಟು ಯೋಗ್ಯರು ಬೇರೆ ಯಾರೂ ಇರಲಿಲ್ಲ. ಅದಕ್ಕೇ.’