ವಿಮಲಾ ಕಟ್ಟಿದ ಕೊಕ್ಕರೆ ಕಥೆ

"ಆಂಟಿ, ಮಾತಾಡ್ಬೇಡಿ! ಈಗ ಕೊಕ್ಕರೆ ಸಾರು ಕೇಳತ್ತೆ!"

ಏಳು ವರ್ಷದ ನವ್ಯಾ ತಿರುಗಿಯೂ ನೋಡದೆ ಗದರಿದಳು. ನೀರಜಾ ಬಾಗಿಲಲ್ಲೇ ನಿಂತಳು. ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು, ಮಕ್ಕಳಿಗೆಂದು ತಂದ ಬಿಸ್ಕತ್ತಿನ ಪೊಟ್ಟಣ ಕೈಯಲ್ಲಿತ್ತು. ಈ ಮಕ್ಕಳನ್ನು ಅವಳು ನೋಡುತ್ತಿದ್ದದ್ದು ಇದೇ ಮೊದಲು.

ಟಿ.ವಿ.ಯಲ್ಲಿ ಒಂದು ದೋಣಿ. ದೋಣಿಯಲ್ಲಿ ಪುಟ್ಟ ಹುಡುಗಿ, ಅವಳೆದುರು ಒಂಟಿ ಕಾಲಲ್ಲಿ ನಿಂತ ಕೊಕ್ಕರೆ. ಕೊಕ್ಕರೆ ಜಪಾನಿ ಭಾಷೆಯಲ್ಲಿ ಏನೋ ಗಂಭೀರವಾಗಿ ಹೇಳಿತು. ಕೂಡಲೇ ನವ್ಯಾ ಗಂಟಲು ದಪ್ಪ ಮಾಡಿಕೊಂಡಳು.

"ತಾಯೀ, ಒಂದು ಲೋಟ ತಿಳಿಸಾರು ಇದ್ರೆ ಕೊಡವ್ವಾ... ನೆಗಡಿ ಆಗ್ಬುಟ್ಟದೆ!"

ಐದು ವರ್ಷದ ಬಾಬು ನೆಲದ ಮೇಲೆ ಬಿದ್ದು ಹೊರಳಾಡಿ ನಕ್ಕ. ಅವನ ಹಿಂದೆ ಕೂತಿದ್ದ ಮಕ್ಕಳ ಅಪ್ಪ ಮೋಹನ್ ಕೂಡ ನಕ್ಕ. ಕಣ್ಣಲ್ಲಿ ನೀರು ಬರುವಷ್ಟು!

ನೀರಜಾ ಅವನನ್ನೇ ನೋಡಿದಳು. ಗಿಂಡಿಯ ಆಫೀಸಿನ ಕ್ಯಾಂಟೀನಿನಲ್ಲಿ ಇಷ್ಟು ತಿಂಗಳು ಇವನ ಜೊತೆ ಕಾಫಿ ಕುಡಿದಿದ್ದಳು. ಒಮ್ಮೆಯೂ ಇವನು ಹೀಗೆ ನಕ್ಕಿರಲಿಲ್ಲ.

"ಇದು ವಿಮಲಾ ಹೇಳಿದ ಕಥೆ," ಮೋಹನ್ ಕಣ್ಣೊರೆಸಿಕೊಳ್ಳುತ್ತಾ ಹೇಳಿದ. "ಪ್ಯಾರೀಸ್ ಕಾರ್ನರ್‌ನಲ್ಲಿ ಫುಟ್‌ಪಾತ್ ಮೇಲೆ ಸಿ.ಡಿ. ತಂದ್ಲು. ಮನೆಗೆ ಬಂದು ನೋಡಿದ್ರೆ ಪೂರ್ತಿ ಜಪಾನಿ, ಕೆಳಗೆ ಅಕ್ಷರವೂ ಬರಲ್ಲ! ಮಕ್ಕಳು ಬಿಡ್ತಾವಾ? ಅವಳೇ ಮಂಡ್ಯದ ಕನ್ನಡದಲ್ಲಿ ಬಾಯಿಗೆ ಬಂದದ್ದು ಹೇಳ್ತಾ ಹೋದ್ಲು. ಶನಿವಾರ ಬಂತು ಅಂದ್ರೆ ಇದೇ."

ವಿಮಲಾ ಅವನ ಹೆಂಡತಿ. ಜ್ವರ ಬಂದು ತೀರಿಹೋಗಿ ಒಂದೂವರೆ ವರ್ಷವಾಗಿತ್ತು.

ನೀರಜಾ ನಗಲು ಪ್ರಯತ್ನಿಸಿದಳು. ಆಗಲಿಲ್ಲ. ಏಕೆಂದರೆ ಈ ಸಿನಿಮಾ ಅವಳದ್ದು! ಜಪಾನಿ ಭಾಷೆ ಕಲಿಯುವಾಗ ಮೇಷ್ಟ್ರು ಕ್ಲಾಸಿನಲ್ಲಿ ಇದನ್ನು ತೋರಿಸಿದ್ದರು. ಆ ದಿನ ಹಾಸ್ಟೆಲ್ಲಿಗೆ ಬಂದು ಊಟ ಬಿಟ್ಟು ಅತ್ತಿದ್ದಳು. ಎಂದಾದರೂ ಮಕ್ಕಳಾದರೆ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ಮಾತಿನ ಅರ್ಥವನ್ನೂ ಹೇಳುತ್ತೇನೆ ಎಂದುಕೊಂಡಿದ್ದಳು. ಈಗ ಅದೇ ಭಾಷೆಯಿಂದ ಅವಳ ಸಂಬಳ ಬರುತ್ತಿತ್ತು. ಜಪಾನಿ ಇಂಜಿನಿಯರುಗಳ ಮಾತನ್ನು ಇಲ್ಲಿಯವರಿಗೆ ದಾಟಿಸುವುದು ಅವಳ ಕೆಲಸ.

ಕೊಕ್ಕರೆ ಸಾರು ಕೇಳಿರಲಿಲ್ಲ. 'ಕತ್ತಲಾಗುವ ಮೊದಲು ಮನೆಗೆ ತಿರುಗು' ಎಂದಿತ್ತು.

ಭಾಷೆಯೇ ಬಾರದ ಒಬ್ಬಳು ನನ್ನ ಸಿನಿಮಾ, ನನಗೆ ಸಿಗಬೇಕಾದ ಮಕ್ಕಳು, ಈ ಮನುಷ್ಯನ ನಗು... ಎಲ್ಲಾ ತಗೊಂಡು ಹೋಗಿಬಿಟ್ಟಿದ್ದಾಳೆ!

ಸತ್ತವರ ಜೊತೆ ಪೈಪೋಟಿಗೆ ಇಳಿಯುವುದಕ್ಕಿಂತ ದೊಡ್ಡ ದಡ್ಡತನ ಇನ್ನೊಂದಿಲ್ಲ. ನೀರಜಾ ಇಳಿದಳು.

*

ಮುಂದಿನ ಶನಿವಾರವೂ ಟ್ರಿಪ್ಲಿಕೇನಿನ ಆ ಮಹಡಿ ಮನೆಗೆ ಹೋದಳು. ಅದಾದ ಎಂಟನೇ ದಿನ, ಭಾನುವಾರ, ಮೈಸೂರಿನಿಂದ ಅವಳ ಅಣ್ಣ ಶಿವರಾಮು ಮದುವೆ ಮಾತಾಡಲು ಬರುವವನಿದ್ದ. "ಮೊದಲು ಮಕ್ಕಳ ಜೊತೆ ಒಡನಾಡಿ, ಆಮೇಲೆ ಹೂಂ ಅನ್ನಿ," ಎಂದಿದ್ದವನು ಮೋಹನೇ.

ಮತ್ತೆ ಅದೇ ಸಿನಿಮಾ. ನವ್ಯಾ ಅಮ್ಮನ ಮಾತುಗಳನ್ನು ಒಂದೂ ಬಿಡದೆ ಒಪ್ಪಿಸುತ್ತಿದ್ದಳು. ಮೋಹನ್ ಅದೇ ಜಾಗಗಳಲ್ಲಿ ನಕ್ಕ. ಕೊನೆಯ ದೃಶ್ಯ ಬಂತು. ಹುಡುಗಿ ನದಿಯ ದಡದಲ್ಲಿ ನಿಂತು ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು.

"ಅಮ್ಮಾ... ನಂದು ಊಟ ಆಯ್ತೂ..." ನವ್ಯಾ ಕೂಗಿದಳು.

"ಅವಳು ಹಾಗೆ ಹೇಳ್ತಾನೇ ಇಲ್ಲ!"

ಮಾತು ಬಾಯಿಂದ ಜಾರಿಬಿಟ್ಟಿತ್ತು. ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ಅವಳು ಕೊಕ್ಕರೆಗೆ 'ಹೋಗಿ ಬಾ' ಅಂತಿದಾಳೆ. ಅಲ್ಲಿ ಅಮ್ಮ ಇಲ್ಲವೇ ಇಲ್ಲ. ಸಾರೂ ಇಲ್ಲ, ನೆಗಡಿಯೂ ಇಲ್ಲ. ಈ ಕಥೆಯೆಲ್ಲಾ ತಪ್ಪು!"

ಬಾಬು ಅಪ್ಪನ ಮುಖ ನೋಡಿದ. ಅವನಿಗೆ ಶಾಲೆಯ ತಮಿಳೇ ಬಾಯಿಗೆ ಬೇಗ ಬರುತ್ತಿತ್ತು.

"ಅಪ್ಪಾ... ಅಮ್ಮ ಹೇಳಿದ್ದು ಪೊಯ್ಯಾ? ಸುಳ್ಳಾ?"

ನವ್ಯಾ ಎದ್ದು ಟಿ.ವಿ. ಆರಿಸಿದಳು. ಸಿ.ಡಿ.ಯನ್ನು ತೆಗೆದು ಎದೆಗವಚಿಕೊಂಡು ಒಳಗೆ ಹೋದಳು.

"ಸಾಕು ನೀರಜಾ," ಮೋಹನ್ ಹೇಳಿದ. ಅಷ್ಟೇ.

ಅವಳು ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದಳು. ಬೀದಿಯ ಕೊನೆಯವರೆಗೂ ಹಿಂದೆ ಹೆಜ್ಜೆ ಸದ್ದು ಕೇಳೀತೆಂದು ಕಿವಿ ಕೊಟ್ಟಳು. ಅವನು ಬರಲಿಲ್ಲ.

*

ಸೋಮವಾರ, ಮಂಗಳವಾರ ಮೋಹನ್ ಕ್ಯಾಂಟೀನಿಗೇ ಬರಲಿಲ್ಲ.

ಸರಿ, ಮುಗೀತು. ಅವನಿಗೆ ವಿಮಲಾ ಸಾಕು. ನಾನ್ಯಾರು? ಅವಳ ಜಾಗ ಗುಡಿಸಿ ಒರೆಸೋಕೆ ಬರೋಳು!

ಬುಧವಾರ ಸಂಜೆ ಅಣ್ಣನಿಗೆ 'ಬರಬೇಡ' ಎಂದು ಫೋನ್ ಮಾಡಲು ಹೊರಟವಳನ್ನು ಅವಳಿದ್ದ ಲೇಡೀಸ್ ಹಾಸ್ಟೆಲಿನ ವಾರ್ಡನ್ ತಡೆದರು. "ಉನ್ನೈ ಪಾರ್ಕ್ಕ ಯಾರೋ ವಂದಿರುಕ್ಕಾಂಗಮ್ಮಾ." ನಿನ್ನನ್ನು ನೋಡಲು ಯಾರೋ ಬಂದಿದ್ದಾರೆ...

ಮೋಹನ್ ಅತಿಥಿಗಳ ಬೆಂಚಿನ ತುದಿಯಲ್ಲಿ ಕೂತಿದ್ದ.

"ಬೈಯೋಕೆ ಬಂದ್ರಾ?" ಅವಳೇ ಶುರು ಮಾಡಿದಳು. "ಬೈದುಬಿಡಿ. ನನಗೆ ನಿಮ್ಮ ಹೆಂಡತಿ ಮೇಲೆ ಹೊಟ್ಟೆಕಿಚ್ಚು. ನಾಚಿಕೆ ಆಗತ್ತೆ, ಆದ್ರೂ ಇದೆ."

"ನನಗೂ ಇದೆ."

"ಏನು?"

"ಹೊಟ್ಟೆಕಿಚ್ಚು. ಅವಳ ಮೇಲೆ."

ನೀರಜಾ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ದಿನಾ ಹಲ್ಲುಜ್ಜಿಸೋನು ನಾನು, ಹೋಂವರ್ಕಿಗೆ ಬೈಯೋನು ನಾನು, ದೋಸೆ ಸೀಯಿಸೋನು ನಾನು," ಎಂದ ಮೋಹನ್. "ಅವಳು ಕಥೆ ಹೇಳಿ ಹೊರಟುಹೋದ್ಲು. ಇನ್ಮೇಲೆ ಅವಳು ಒಂದು ತಪ್ಪೂ ಮಾಡಲ್ಲ ನೋಡಿ! ಒಂದ್ಸಲ ನಾನು ಕೊಕ್ಕರೆ ಮಾತು ಹೇಳೋಕೆ ಹೋದೆ. 'ಅಪ್ಪಾ, ನಿಂಗೆ ಬರಲ್ಲ, ಸುಮ್ನಿರು' ಅಂದ್ಲು ನವ್ಯಾ. ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ತೆ. ದುಃಖಕ್ಕಲ್ಲ... ಕಿಚ್ಚಿಗೆ."

"ಮತ್ತೆ ಅಷ್ಟು ನಗ್ತಿದ್ರಲ್ಲ?"

"ನಾನು ನಗದೇ ಇದ್ರೆ ನವ್ಯಾ ಹಿಂದೆ ತಿರುಗಿ ನೋಡ್ತಾಳೆ. ಅಪ್ಪ ಅಮ್ಮನ್ನ ಮರೆತುಬಿಟ್ಟ ಅಂದ್ಕೋತಾಳೆ." ಅವನು ತಲೆ ತಗ್ಗಿಸಿದ. "ಮೊನ್ನೆ ನೀವು 'ತಪ್ಪು' ಅಂದಾಗ ನನಗೆ ಒಂದು ಕ್ಷಣ ಖುಷಿ ಆಯ್ತು ನೀರಜಾ. ಅವಳೂ ತಪ್ಪು ಮಾಡಿದ್ದಾಳೆ ಅಂತ! ಆ ಖುಷಿಗೆ ಹೆದರಿ ನಿಮ್ಮ ಮುಖ ನೋಡೋಕಾಗಲಿಲ್ಲ."

ನೀರಜಾಳಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡಳು.

"ಬಾಬು ಇನ್ನೂ ಕೇಳ್ತಾನೇ ಇದಾನೆ," ಮೋಹನ್ ಏಳುತ್ತಾ ಹೇಳಿದ. "ನಾನು ತೇಪೆ ಹಾಕಲ್ಲ. ಉತ್ತರ ನೀವೇ ಹೇಳ್ಬೇಕು."

*

ಶನಿವಾರ ನೀರಜಾ ಬಿಸ್ಕತ್ತು ತರಲಿಲ್ಲ. ನೇರವಾಗಿ ಬಾಬುವಿನ ಮುಂದೆ ನೆಲದ ಮೇಲೆ ಕೂತಳು.

"ನಿಮ್ಮಮ್ಮ ಸುಳ್ಳು ಹೇಳಿಲ್ಲ ಕಣೋ. ಅವರಿಗೆ ಆ ಭಾಷೆ ಬರ್ತಿರಲಿಲ್ಲ, ಅದಕ್ಕೆ ನಿಮಗೋಸ್ಕರ ತಾವೇ ಕಥೆ ಕಟ್ಟಿದ್ರು. ನಂಗೆ ಭಾಷೆ ಬರತ್ತೆ. ಕಟ್ಟೋಕೆ ಬರಲ್ಲ. ಸಿಟ್ಟು ಬಂದು ಹಾಗಂದೆ."

"ಯಾರ ಮೇಲೆ ಸಿಟ್ಟು?" ಬಾಗಿಲ ಹಿಂದಿನಿಂದ ನವ್ಯಾಳ ದನಿ.

"ನಿಮ್ಮಮ್ಮನ ಮೇಲೆ."

ಮೋಹನ್ ಬೆಚ್ಚಿದ. ನವ್ಯಾ ಈಚೆ ಬಂದಳು.

"ಅಮ್ಮ ಏನ್ ಮಾಡಿದ್ಲು ನಿಮ್ಗೆ?"

"ಏನೂ ಮಾಡಿಲ್ಲ. ನೀವೆಲ್ಲಾ ಅವರನ್ನ ಅಷ್ಟೊಂದು ಇಷ್ಟಪಡ್ತೀರಲ್ಲಾ... ಅದಕ್ಕೆ."

ನವ್ಯಾ ಯೋಚಿಸಿದಳು.

"ಬಾಬು ಹುಟ್ಟಿದಾಗ ನಂಗೂ ಹಂಗೇ ಆಗಿತ್ತು. ಕಚ್ಬಿಟ್ಟಿದ್ದೆ."

"ಎಲ್ಲಿ? ಎಲ್ಲಿ ಕಚ್ಚಿದ್ದೆ?" ಬಾಬು ತನ್ನ ಕೈಕಾಲು ಹುಡುಕತೊಡಗಿದ.

"ನೀವು ಕೂತ್ಕೋಬಹುದು," ನವ್ಯಾ ಸಿ.ಡಿ. ಹಾಕುತ್ತಾ ತೀರ್ಪು ಕೊಟ್ಟಳು. "ಜಪಾನೀಸ್ ಮಾತ್ರ ನಿಮ್ಮ ಹೊಟ್ಟೆ ಒಳಗೇ ಇಟ್ಕೋಬೇಕು."

ನೀರಜಾ ಇಟ್ಟುಕೊಂಡಳು. ಸುಲಭವಿರಲಿಲ್ಲ. ಒಂದೊಂದು ಮಾತೂ ನಾಲಿಗೆಯ ತುದಿಗೆ ಬರುತ್ತಿತ್ತು, ಹಲ್ಲು ಕಚ್ಚಿ ತಡೆಯುತ್ತಿದ್ದಳು. ಹೊಟ್ಟೆಕಿಚ್ಚು ಎಲ್ಲಿಗೂ ಹೋಗಿರಲಿಲ್ಲ. ಆದರೆ ನವ್ಯಾ ಹೇಳುವ ಕಥೆಯಲ್ಲಿ ಹುಡುಗಿಗೆ ಹೆದರಿಕೆಯೇ ಇಲ್ಲ ಎಂಬುದನ್ನು ಅವಳು ಅಂದೇ ಮೊದಲು ಗಮನಿಸಿದಳು. ಒಳ್ಳೆಯ ಕಥೆ. ಒಪ್ಪಿಕೊಳ್ಳಲು ಕಷ್ಟವಾಯಿತು, ಒಪ್ಪಿಕೊಂಡಳು.

ಅರ್ಧ ಸಿನಿಮಾಕ್ಕೆ ಬಾಬು ತೂಕಡಿಸಿ ಅವಳ ತೊಡೆಯ ಮೇಲೆ ಉರುಳಿದ. ಬಾಯಿ ತೆರೆದು, ಜೊಲ್ಲು ಸುರಿಸುತ್ತಾ ನಿದ್ದೆಹೋದ.

ಮೋಹನ್ ಸರಿದು ಹತ್ತಿರ ಬಂದ. ಮಗನನ್ನು ನೋಡಿದ, ಅವಳನ್ನು ನೋಡಿದ.

"ಅಣ್ಣ ನಾಳೆ ಬೆಳಿಗ್ಗೆ ರೈಲಿಗೆ ಬರ್ತಾನೆ," ನೀರಜಾ ಪಿಸುಗುಟ್ಟಿದಳು. "ಬರಬೇಡ ಅಂತ ಫೋನ್ ಮಾಡಲಿಲ್ಲ."

ಅವನ ಮುಖ ಅರಳಿತು. ಮರುಕ್ಷಣವೇ ಕಣ್ಣು ಮತ್ತೆ ಬಾಬುವಿನ ಮೇಲೆ ನೆಟ್ಟಿತು.

"ಇವನು ನನ್ನ ತೊಡೆ ಮೇಲೆ ಒಂದು ದಿನವೂ ಹೀಗೆ ಮಲಗಿಲ್ಲ..."

"ಹೊಟ್ಟೆಕಿಚ್ಚಾ?"

"ಹೂಂ."

ನೀರಜಾ ಅವನ ಬೆರಳುಗಳ ನಡುವೆ ತನ್ನ ಬೆರಳು ಹೆಣೆದಳು.

"ಅಭ್ಯಾಸ ಮಾಡ್ಕೋ," ಎಂದಳು.