ತಂತಿಯ ಲೆಕ್ಕದ ಮೇಲಿನ ಸಾಲು

"ತಪ್ಪು. ಮತ್ತೆ ಅದೇ ತಪ್ಪು!"

ಬೋರ್ಡಿನ ಮುಂದೆ ನಿಂತಿದ್ದ ಈಶ್ವರನ ಕೈಯಿಂದ ಲಾವಣ್ಯಾ ಚಾಕ್ ಕಿತ್ತುಕೊಂಡಳು. ಬೆರಳು ತಾಗಿತು.

ವಡಾಲದ ಕನ್ನಡ ಸಂಘದ ಹಾಲ್‌ನಲ್ಲಿ ಪ್ರತಿ ಭಾನುವಾರ ಅವಳು ಡಿಪ್ಲೊಮಾ ಪರೀಕ್ಷೆಗೆ ಫಿಸಿಕ್ಸ್ ಹೇಳಿಕೊಡುತ್ತಿದ್ದಳು. ಅವನು ಕರೆಂಟ್ ಕಂಪನಿಯ ಲೈನ್‌ಮನ್, ಬಾಗಲಕೋಟೆ ಕಡೆಯವನು.

"ಇದು ವಿದ್ಯುದಾವೇಶ ತುಂಬಿದ ಉದ್ದನೆಯ ತಂತಿ ಮಾರಾಯ್ರೆ, ಚುಕ್ಕಿ ಅಲ್ಲ. ಸುತ್ತ ಒಂದು ಸಿಲಿಂಡರ್ ಇದೆ ಅಂತ ಎಣಿಸಿ. ವಿದ್ಯುತ್ ಕ್ಷೇತ್ರದ ಸೂತ್ರದಲ್ಲಿ ಕೆಳಗೆ ದೂರ ಒಂದೇ ಸಲ ಬರ್ತದೆ. ನೀವು ವರ್ಗ ಯಾಕೆ ಹಾಕಿದ್ರಿ?"

"ದೂರ ಹೋದಂಗ ಎಲ್ಲಾ ಲಗೂನ ಕಡಿಮಿ ಆಕ್ಕೈತಿ ಅನ್ಕೊಂಡಿದ್ದೆ ರೀ ಮೇಡಂ," ಎಂದು ಅವನು ನಕ್ಕ.

ಅವನ ಆ ನಗು ಅವಳ ಜೊತೆ ಲೋಕಲ್ ರೈಲು ಹತ್ತಿ ವಿಲೆ ಪಾರ್ಲೆಯ ರೂಮಿನವರೆಗೂ ಬಂತು. ಉಡುಪಿ ಬಿಟ್ಟು ಆರು ವರ್ಷವಾಗಿತ್ತು. ಆ ರೂಮಿನಲ್ಲಿ ಅವಳ ಜೊತೆ ಮಾತಾಡುವವರು ಯಾರೂ ಇರಲಿಲ್ಲ.

ಲಾವಣ್ಯಾಗೆ ಒಂದು ಕೆಟ್ಟ ಅಭ್ಯಾಸ. ನೋಟ್‌ಬುಕ್ ತಿದ್ದುವಾಗ ಕೊನೆಯ ಸಾಲು ಮಾತ್ರ ನೋಡುವಳು. ಉತ್ತರ ತಪ್ಪಿದ್ದರೆ ಇಡೀ ಪುಟಕ್ಕೆ ಕೆಂಪು ಇಂಟು. ನಲವತ್ತು ನೋಟ್‌ಬುಕ್ ತಿದ್ದುವವರಿಗೆ ಗೊತ್ತು ಕಷ್ಟ ಎಂದು ವಾದ ಬೇರೆ!

ಮೇ ತಿಂಗಳ ಕೊನೆಯ ಕ್ಲಾಸಿನಲ್ಲಿ ಈಶ್ವರ ತನ್ನ ಪುಟ ನೋಡಿದ. ಮುಖ ಬಾಡಿತು. ನೋಟ್‌ಬುಕ್ಕನ್ನು ಅವಳ ಮೇಜಿನ ಮೇಲೇ ಬಿಟ್ಟು ಹೊರಟುಹೋದ. ಮತ್ತೆ ಬರಲಿಲ್ಲ.

'ಒಂದು ತಪ್ಪು ತೋರಿಸಿದ್ದಕ್ಕೆ ಇಷ್ಟು ಸಿಟ್ಟಾ?'

ಅವನ ನಂಬರ್ ಯಾರನ್ನಾದರೂ ಕೇಳಲು ಸ್ವಾಭಿಮಾನ ಬಿಡಲಿಲ್ಲ. ಒಬ್ಬಳಿಗೇ ಗಂಜಿ ಬೇಯಿಸಿ, ಫೋನನ್ನು ತಟ್ಟೆಯ ಪಕ್ಕ ಇಟ್ಟುಕೊಂಡು ಉಣ್ಣುತ್ತಿದ್ದಳು. ಅದು ಸುಮ್ಮನೆ ಬಿದ್ದಿರುತ್ತಿತ್ತು. ಕೆಲವು ದಿನ ಊಟ ಅರ್ಧಕ್ಕೇ ಬಿಟ್ಟು ಅಳುತ್ತಿದ್ದಳು.

ಅಕ್ಟೋಬರಿನಲ್ಲಿ ಹೊಸ ಬ್ಯಾಚಿಗೆ ತಂತಿಯ ಲೆಕ್ಕದ ತಪ್ಪು ತೋರಿಸಲೆಂದು ಅದೇ ನೋಟ್‌ಬುಕ್ ತೆಗೆದಳು. ಮೊದಲ ಸಲ ಮೇಲಿನಿಂದ ಓದಿದಳು. ಲೆಕ್ಕ ಶುರುವಾಗುವ ಮೊದಲೇ ಸಣ್ಣ ಅಕ್ಷರದಲ್ಲಿ ಬರೆದಿತ್ತು:

'ಮೇಡಂ, ನನಗೆ ನಗರದ ಆ ತುದಿಯ ದಹಿಸರ್‌ಗೆ ಬದಲಿ ಆಗಿದೆ. ನಿಮ್ಮನ್ನು ನೋಡದೆ ಇರುವುದು ಕಷ್ಟ. ನಿಮಗೂ ಮನಸ್ಸಿದ್ದರೆ ಈ ಪುಟಕ್ಕೆ ರೈಟ್ ಹಾಕಿ. ಇಲ್ಲದಿದ್ದರೆ ಇಂಟು ಹಾಕಿ, ಮತ್ತೆ ತೊಂದರೆ ಕೊಡುವುದಿಲ್ಲ.' ಪಕ್ಕದಲ್ಲಿ ಫೋನ್ ನಂಬರ್.

ಅದರ ಮೇಲೆಯೇ ಅವಳ ಕೆಂಪು ಇಂಟು!

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಲಾವಣ್ಯಾ ಚಿಂತಿಸಲಿಲ್ಲ, ಫೋನ್ ಮಾಡಿದಳು.

ಆ ಸಂಜೆ ದಹಿಸರ್ ಸ್ಟೇಷನ್ನಿನ ಬ್ರಿಜ್ ಮೇಲೆ ಈಶ್ವರ ಕಾಯುತ್ತಿದ್ದ, ಕೆಲಸದ ಹೆಲ್ಮೆಟ್ ಕೈಯಲ್ಲೇ ಇತ್ತು. ಸೊರಗಿದ್ದ. ಅವಳು ಪುಟ ತೆರೆದು ತೋರಿಸಿದಳು. ಇಂಟುವಿನ ಪಕ್ಕ ದೊಡ್ಡದೊಂದು ರೈಟ್.

"ಉತ್ತರ ತಪ್ಪೈತಲ್ರಿ ಮೇಡಂ?"

"ಉತ್ತರ ತಪ್ಪೇ. ರೈಟ್ ಹಾಕಿದ್ದು ಮೇಲಿನ ಸಾಲಿಗೆ. ನಾನು ಅದನ್ನು ಅವತ್ತು ಓದಲೇ ಇಲ್ಲ ಈಶ್ವರ..." 

ಅವನು ಪುಟ ಹತ್ತಿರ ಹಿಡಿದು ಲೆಕ್ಕದ ಮೇಲೆ ಬೆರಳಾಡಿಸಿದ.

"ಹಂಗಾದ್ರ, ದೂರ ಎರಡು ಪಟ್ಟಾದ್ರ ಕಾಲು ಭಾಗ ಉಳಿಯೂದಲ್ಲೇನ್ರಿ?"

"ತಂತಿಗೆ ಅರ್ಧ ಉಳಿತದೆ."

"ನನಗ ಪೂರಾ ಉಳಿದೈತ್ರಿ."

ಅವಳು ಕಣ್ಣೊರೆಸಿಕೊಂಡು ಪೆನ್ನು ಕೊಟ್ಟಳು. "ಮೊದಲು ಆ ವರ್ಗ ಹೊಡೆದುಹಾಕಿ."

ಅವನು ಹೊಡೆದುಹಾಕಿದ.

"ಭಾನುವಾರ ಬರ್ತೀನ್ರಿ. ನನ್ನ ಬೆಂಚ್ ಹಿಡದಿಡ್ರಿ."

"ನಾಲ್ಕೈದು ತಿಂಗಳಿಂದ ಯಾರನ್ನೂ ಕೂರಿಸಿಲ್ಲ ಅಲ್ಲಿ," ಎಂದಳು ಲಾವಣ್ಯಾ.