ಎಡಗಡೆಯ ಆವಿ

“ತೆಗೀಬೇಡ್ರೀ! ಕೈ ಕೆಳಗಿಳಿಸಿ!”

ಮಧುರಾ ಬೆಚ್ಚಿಬಿದ್ದಳು. ಬೈದದ್ದಕ್ಕಿಂತ ಹೆಚ್ಚಾಗಿ, ಬೈದದ್ದು ಕನ್ನಡದಲ್ಲಿ ಎಂಬುದಕ್ಕೆ...

ವಿಶಾಖಪಟ್ಟಣದ ಹೊರಗೆ, ಭೀಮಿಲಿ ರಸ್ತೆಯ ಪಕ್ಕದ ಸರ್ವೆ ಮರಗಳ ತೋಪು ಅದು. ಸುತ್ತ ಎಲ್ಲರೂ ತೆಲುಗಿನಲ್ಲಿ ಕೂಗಾಡುತ್ತಿದ್ದರು. ಅವಳ ಕಣ್ಣ ಮುಂದೆ ಮಾತ್ರ ಬರೀ ಬಿಳಿ ಆವಿ. ಏನಾಯಿತೆಂದು ತಿಳಿಯುವಷ್ಟರಲ್ಲಿ ಅಗಲವಾದ ಅಂಗೈಯೊಂದು ಬಂದು ಅವಳ ಗಾಗಲ್ಸನ್ನು ಮುಖಕ್ಕೆ ಒತ್ತಿ ಹಿಡಿಯಿತು. ಇನ್ನೊಂದು ಕೈ ಅವಳ ತೋಳು ಹಿಡಿದು, ಆಟದ ಜಾಗದ ಸುತ್ತ ಕಟ್ಟಿದ್ದ ಬಲೆಯ ಆಚೆಗೆ ನಡೆಸಿಕೊಂಡು ಹೋಯಿತು.

ಆಚೆ ಬಂದ ಮೇಲೆ ಗಾಗಲ್ಸ್ ತೆಗೆದವನು ಅವನೇ. ಎತ್ತರದ ಆಳು. ಮುಖ ಬೆವರಿತ್ತು, ಸಿಟ್ಟು ಮೂಗಿನ ತುದಿಯಲ್ಲೇ ಕೂತಿತ್ತು.

“ಇಲ್ಲಿ ಇರೋದು ಒಂದೇ ರೂಲ್. ಒಳಗಿದ್ದಷ್ಟು ಹೊತ್ತು ಗಾಗಲ್ಸ್ ಎತ್ತೋ ಹಾಗಿಲ್ಲ. ಕಾಣದೇ ಹೋದ್ರೆ ಕೈ ಮೇಲೆತ್ತಿ ನಿಂತ್ಕೊಳ್ಳಿ, ನಾನು ಬರ್ತೀನಿ. ಒಂದು ಗುಂಡು ಸಾಕು, ಗೊತ್ತಾ?”

ಮಧುರಾ ಗಳಗಳನೆ ಅತ್ತುಬಿಟ್ಟಳು.

ತನ್ನ ಗದರಿಕೆಗೇ ಅತ್ತಳೆಂದು ಅವನು ಕಕ್ಕಾಬಿಕ್ಕಿಯಾದ. ಪಾಪ, ಅವನಿಗೇನು ಗೊತ್ತು! ಅಮ್ಮನ ಫೋನು ಬಿಟ್ಟರೆ ಅವಳ ಕಿವಿಗೆ ಕನ್ನಡ ಬಿದ್ದು ಎಷ್ಟೋ ತಿಂಗಳಾಗಿತ್ತು. ಬೈಗುಳವಾದರೂ ಸರಿ, ಅದು ಮನೆಯ ಬೈಗುಳ.

ದಾವಣಗೆರೆಯ ಹುಡುಗಿ ಮಧುರಾ. ಬ್ಯಾಂಕ್ ಅಧಿಕಾರಿ, ವರ್ಗವಾಗಿ ಬಂದದ್ದು ದ್ವಾರಕಾ ನಗರದ ಶಾಖೆಗೆ. ಎಂವಿಪಿ ಕಾಲೋನಿಯಲ್ಲಿ ಒಂದು ಕೋಣೆ. ಹಗಲೆಲ್ಲ ಅರ್ಧಂಬರ್ಧ ತೆಲುಗಿನಲ್ಲಿ ಗ್ರಾಹಕರನ್ನು ನಗಿಸುತ್ತ ದಿನ ಕಳೆದುಹೋಗುತ್ತಿತ್ತು. ಸಂಜೆ ಬೀಗ ತೆಗೆದು ಒಳಗೆ ಹೋದರೆ ಮುಗಿಯಿತು, ಮರುದಿನ ಬೆಳಗಿನವರೆಗೆ ಬಾಯಿಗೆ ಕೆಲಸವಿಲ್ಲ. ಪಕ್ಕದ ಕೌಂಟರಿನ ಸಹನಾ ಕನ್ನಡದವರ ಮಗಳೇ. ಆದರೆ ಹುಟ್ಟಿ ಬೆಳೆದದ್ದು ಇಲ್ಲಿನ ಟೌನ್‌ಶಿಪ್ಪಿನಲ್ಲಿ. ಅವಳ ಕನ್ನಡ “ಊಟ ಆಯ್ತಾ”ದಿಂದ ಶುರುವಾಗಿ ಅಲ್ಲೇ ಮುಗಿಯುತ್ತಿತ್ತು. ಆ ಭಾನುವಾರ ಬ್ಯಾಂಕಿನವರನ್ನೆಲ್ಲ ಏರ್‌ಸಾಫ್ಟ್ ಆಟಕ್ಕೆ ಹೊರಡಿಸಿದ್ದೂ ಅವಳೇ. ಆಟದ ಬಂದೂಕು, ಪ್ಲಾಸ್ಟಿಕ್ ಗುಂಡು, ಎರಡು ತಂಡ. ಬಾಡಿಗೆಯ ಗಾಗಲ್ಸನ್ನು ಮಧುರಾ ತನ್ನ ಕನ್ನಡಕದ ಮೇಲೆಯೇ ಹಾಕಿಕೊಂಡಿದ್ದಳು. ಈ ಊರಿನ ಸಮುದ್ರದ ಗಾಳಿಗೆ ಬೆವರೂ ಆರುವುದಿಲ್ಲ, ಉಸಿರೂ ಆರುವುದಿಲ್ಲ. ನಾಲ್ಕು ಹೆಜ್ಜೆ ಓಡುವುದರೊಳಗೆ ಒಳಗೆಲ್ಲ ಆವಿ ಕಟ್ಟಿ, ಒರೆಸಿಕೊಳ್ಳೋಣವೆಂದು ಎತ್ತಲು ಹೋಗಿದ್ದಳು ಅಷ್ಟೇ.

ಗದರಿದವನ ಹೆಸರು ನಿರಂಜನ. ಭದ್ರಾವತಿಯವನು, ಇಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಸೇಫ್ಟಿ ಇಂಜಿನಿಯರ್. ಭಾನುವಾರ ಈ ತೋಪಿನಲ್ಲಿ ಅವನು ಆಟಗಾರನಲ್ಲ, ಆಡುವವರ ಕಣ್ಣು ಕಾಯುವವನು.

ಅಳು ನಿಂತ ಮೇಲೆ ಅವಳು ಕೇಳಿದಳು, ತಾನು ಕನ್ನಡದವಳೆಂದು ಅವನಿಗೆ ಹೇಗೆ ಗೊತ್ತಾಯಿತೆಂದು.

“ಗೊತ್ತಿರ್ಲಿಲ್ಲ. ಹೆದರಿದಾಗ ನಂಗೆ ಬೇರೆ ಭಾಷೆ ಬರೋದಿಲ್ಲ,” ಅಂದ.

ಅಷ್ಟೊಂದು ಹೆದರುವಂಥದ್ದೇನಿತ್ತು?! ಅವಳು ಆಗ ಕೇಳಲಿಲ್ಲ.

ಮುಂದಿನ ಶನಿವಾರ, ಬೈದ ತಪ್ಪಿಗೆಂದು, ಅವಳಿಗೊಂದು ಗಾಗಲ್ಸ್ ಕೊಡಿಸಲು ದ್ವಾರಕಾ ನಗರದ ಅಂಗಡಿಯೊಂದಕ್ಕೆ ಅವನೇ ಕರೆದುಕೊಂಡು ಹೋದ. ಹೆಣ್ಣು ನೋಡಲು ಬಂದವರೂ ಅಷ್ಟು ಪರೀಕ್ಷೆ ಮಾಡಲಿಕ್ಕಿಲ್ಲ! ಒಂದು ಅವಳ ಕನ್ನಡಕದ ಕಡ್ಡಿಗೆ ತಗಲುತ್ತದೆ, ಬೇಡ. ಇನ್ನೊಂದಕ್ಕೆ ಗಾಳಿಯಾಡಲು ತೂತಿಲ್ಲ, ಬೇಡ. ಗಾಜಿನ ಬದಲು ಜಾಲರಿಯಿರುವುದು ಚೆನ್ನಾಗಿದೆಯಲ್ಲ, ಆವಿಯ ಮಾತೇ ಇಲ್ಲ ಎಂದು ಅವಳೆಂದರೆ, ಗುಂಡು ಒಡೆದು ಚೂರು ಒಳಗೆ ನುಗ್ಗಿದರೆ ಯಾರು ಹೊಣೆ ಎಂದು ಕಣ್ಣು ಕೆಂಪಗೆ ಮಾಡಿದ. ಕೊನೆಗೆ ಎರಡು ಪದರದ, ಒಳಗೆ ಆವಿ ಹಿಡಿಯದ ಲೇಪವಿರುವ, ಕನ್ನಡಕದ ಮೇಲೆ ಸಲೀಸಾಗಿ ಕೂರುವ ಕೆಲವನ್ನು ಆರಿಸಿಟ್ಟು ಚಹಾ ತರಿಸಿದ. ಕುಡಿಯಲಿಕ್ಕಲ್ಲ! ಹಬೆಯಾಡುವ ಲೋಟದ ಮೇಲೆ ಒಂದೊಂದನ್ನೇ ಹಿಡಿದು ನೋಡುತ್ತ ಕುಳಿತ. ಅಂಗಡಿಯವನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಮಧುರಾ ಬಹಳ ದಿನಗಳ ಮೇಲೆ ಮನಸಾರೆ ನಕ್ಕಳು.

ಅಂದಿನಿಂದ ಅವಳ ವಾರಕ್ಕೆ ಒಂದು ಭಾನುವಾರ ಹುಟ್ಟಿಕೊಂಡಿತು. ಆಟ ಮುಗಿದ ಮೇಲೆ ಕಡಲ ದಂಡೆಯಲ್ಲಿ ಇಬ್ಬರೂ ನಡೆಯುವರು. ನಡೆಯುವಾಗ ಅವಳು ಯಾವಾಗಲೂ ತನ್ನ ಬಲಗಡೆಗೇ ಬರುವಂತೆ ಅವನು ಸುಮ್ಮನೆ ಜಾಗ ಬದಲಿಸುತ್ತಿದ್ದ. ಕೆಲವರಿಗೆ ಕೆಲವು ಅಭ್ಯಾಸ ಎಂದುಕೊಂಡಳು. ಹೋಟೆಲಿನಲ್ಲಿ ಒಮ್ಮೆ ಎಡಗೈ ಪಕ್ಕದಲ್ಲೇ ಇದ್ದ ಕಾಫಿ ಲೋಟಕ್ಕೆ ಮೊಣಕೈ ತಗುಲಿಸಿ ಚೆಲ್ಲಿದ. ನನ್ನನ್ನು ನೋಡುತ್ತ ಮೈಮರೆತನೇ? ಅವಳ ಮನಸ್ಸು ಅದಕ್ಕೂ ಸಿಹಿ ಅರ್ಥವೇ ಹಚ್ಚಿತು...

ಆ ದಿನಗಳಲ್ಲೇ ಅವಳೊಂದು ಎಡವಟ್ಟು ಮಾಡಿದಳು.

ಅವಳ ಅಮ್ಮ ದೀಪದ ಗಾಜು, ಕನ್ನಡಿ, ಅಪ್ಪನ ಕನ್ನಡಕ ಎಲ್ಲವನ್ನೂ ಉಜ್ಜುತ್ತಿದ್ದದ್ದು ವಿಭೂತಿಯಿಂದ. ಊರಿಂದ ಹೊರಡುವಾಗ ಮಗಳ ಬ್ಯಾಗಿನಲ್ಲೂ ಒಂದು ಗಟ್ಟಿ ಹಾಕಿದ್ದರು. ಒಂದು ಭಾನುವಾರ ನಿರಂಜನ ತನ್ನ ಗಾಗಲ್ಸನ್ನು ಬೆಂಚಿನ ಮೇಲಿಟ್ಟು ಎಲ್ಲೋ ಹೋಗಿದ್ದ. ಮಧುರಾಳಿಗೆ ಮಮತೆ ಉಕ್ಕಿತು. ಬ್ಯಾಗಿನಲ್ಲೇ ಇದ್ದ ವಿಭೂತಿಯ ಪುಡಿ ಹಾಕಿ ಒಳಗಡೆ ಎಡಭಾಗವನ್ನು ದುಪಟ್ಟಾದ ಅಂಚಿನಿಂದ ಚೆನ್ನಾಗಿ ತಿಕ್ಕಿದಳು. ಬಲಭಾಗಕ್ಕೆ ಕೈ ಹಾಕುವಷ್ಟರಲ್ಲಿ ಸಹನಾ ಓಡಿ ಬಂದಳು. ಒಳಗಿನ ಲೇಪವನ್ನು ಬೆರಳಲ್ಲೂ ಮುಟ್ಟಬಾರದಂತೆ! ಉಜ್ಜಿದರೆ ಅದು ಹೋದಂತೆಯೇ, ಮತ್ತೆ ಆವಿ ಕಟ್ಟುತ್ತದಂತೆ!

ಮಧುರಾಳ ಜೀವ ಬಾಯಿಗೆ ಬಂತು. ಇದ್ದಲ್ಲೇ ಇಟ್ಟು ಸುಮ್ಮನಾದಳು. ಇವತ್ತು ಬೈಯುತ್ತಾನೆ, ನಾಳೆ ಬೈಯುತ್ತಾನೆ ಎಂದು ವಾರಗಟ್ಟಲೆ ಕಾದಳು. ಅವನು ಅದನ್ನೇ ಹಾಕಿಕೊಂಡು ಆಟದ ಮೇಲೆ ಆಟ ಕಾದ. ಒಂದು ಮಾತೂ ಆಡಲಿಲ್ಲ.

ಗೊತ್ತಾಗಿಯೂ ನನ್ನ ಮನಸ್ಸು ನೋಯಬಾರದೆಂದು ಸುಮ್ಮನಿದ್ದಾನೆ... ಅಂದುಕೊಂಡಳು. ಅಂದು ರಾತ್ರಿ ದಿಂಬಿಗೆ ಮುಖವಿಟ್ಟು ಅವನ ಹೆಸರನ್ನು ಒಮ್ಮೆ ಮೆಲ್ಲಗೆ ಹೇಳಿ ನೋಡಿದಳು. ಪ್ರೀತಿ ಶುರುವಾಗಿದ್ದು ಅಲ್ಲಿಂದ.

ಅಷ್ಟರಲ್ಲಿ ವರ್ಗದ ಆದೇಶ ಬಂತು. ವಿಜಯವಾಡ.

ಹೋಗಬೇಡಿ ಎನ್ನಲಿ, ಸಾಕು. ಹೋಗಿ, ಆದರೆ ಮರೆಯಬೇಡಿ ಎಂದರೂ ಸಾಕು! ನಿರಂಜನ ಎರಡನ್ನೂ ಹೇಳಲಿಲ್ಲ. ಸ್ಟೇಷನ್ನಿಗೆ ಬರುತ್ತೇನೆ, ಒಂದು ಮಾತು ಹೇಳುವುದಿದೆ, ರೈಲು ಹೊರಡುವ ಮೊದಲು ಕೇಳಿಸಿಕೊಂಡು ಹೋಗಿ ಎಂದಷ್ಟೇ ಅಂದ.

ಆ ಬೆಳಿಗ್ಗೆ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಸಾಮಾನೆಲ್ಲ ಬೋಗಿಯೊಳಗಿಟ್ಟು, ನೀರಿನ ಬಾಟಲಿಗೆಂದು ಪ್ಲಾಟ್‌ಫಾರ್ಮಿನ ಅಂಗಡಿಯ ಮುಂದೆ ನಿಂತಿದ್ದಾಗ ಅವನು ಬರುವುದು ಕಾಣಿಸಿತು. ಬೇಗ ಬೇಗ ಹೆಜ್ಜೆ ಹಾಕುತ್ತ, ಬಲಗಡೆ ನಿಂತ ರೈಲಿನ ಕಿಟಕಿಗಳನ್ನು ನೋಡುತ್ತ ಬರುತ್ತಿದ್ದ. ಮಧುರಾ ನಗುತ್ತ ಕೈ ಬೀಸಿದಳು. ಅವನು ಹತ್ತಿರ ಬಂದ. ಇನ್ನೂ ಹತ್ತಿರ. ಕೈ ಚಾಚಿದರೆ ಅವನ ಅಂಗಿಯ ತೋಳು ಸಿಗುವಷ್ಟು ಹತ್ತಿರ...

ಅವನು ಹಾದುಹೋದ.

ತಿರುಗಲೂ ಇಲ್ಲ! ಮೇಲೆತ್ತಿದ ಕೈ ಮೇಲೆಯೇ ಉಳಿಯಿತು. ಕರೆಯಬಹುದಿತ್ತು. ಮಾನ ಕಟ್ಟಿಹಾಕಿತ್ತು. ನೋಡಿಯೂ ನೋಡದವನಂತೆ ಹೋದವನನ್ನು ಕೂಗಿ ಕರೆಯುವುದೇ? ಹೇಳಬೇಕಾದ ಮಾತನ್ನು ಹೀಗೆ ಹೇಳಿದನಲ್ಲ ಎಂದುಕೊಂಡು ಹತ್ತಿರದ ಬಾಗಿಲಿನಿಂದ ರೈಲು ಹತ್ತಿದಳು. ಅನಕಾಪಲ್ಲಿ ದಾಟುವವರೆಗೂ ಫೋನು ರಿಂಗಾಗುತ್ತಲೇ ಇತ್ತು. ಅವಳು ಎತ್ತಲಿಲ್ಲ. ಎಲ್ಲಿದ್ದಿರಿ ಎಂಬ ಅವನ ಸಂದೇಶ ಓದಿ, ನಾಟಕ ಬೇರೆ ಎಂದು ತುಟಿ ಕಚ್ಚಿದಳು.

ಆಮೇಲೆ ಅವನೂ ಮೌನವಾದ.

ವಿಜಯವಾಡದಲ್ಲಿ ಹೊಸ ಕೋಣೆ, ಹೊಸ ಬೀಗ, ಅದೇ ಸಂಜೆ. ಬಿಸಿಲು ಇಳಿದ ಮೇಲೆ ಜನ ಕೃಷ್ಣೆಯ ದಂಡೆಗೆ ಗಾಳಿಗೆ ಬರುತ್ತಿದ್ದರು, ಮಕ್ಕಳು ಮರಿ ಕಟ್ಟಿಕೊಂಡು. ಮಧುರಾ ನದಿಗೆ ಕಟ್ಟಿದ ಬ್ಯಾರೇಜಿನ ಕಂಬಿ ಹಿಡಿದು ನಿಂತು ನೀರು ನೋಡುವಳು. ಪಕ್ಕದಲ್ಲಿ ಯಾರಾದರೂ ಬಂದು ನಿಂತರೆ ತನಗೇ ಗೊತ್ತಿಲ್ಲದೆ ಅವರ ಬಲಗಡೆಗೆ ಸರಿಯುವಳು. ಆಮೇಲೆ ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು. ಒಬ್ಬಳಿಗೆಂದು ಅನ್ನ ಬೇಯಿಸುವ ಹುಮ್ಮಸ್ಸೂ ಇಲ್ಲದೆ ಎಷ್ಟೋ ಸಂಜೆ ಚಹಾ, ಬಿಸ್ಕತ್ತಿನಲ್ಲೇ ಮುಗಿಯುತ್ತಿತ್ತು. ಅಮ್ಮ ಫೋನಿನಲ್ಲಿ ಊಟದ ಬಗ್ಗೆ ಕೇಳಿದರೆ, ಆಯಿತಮ್ಮ ಎಂದು ಸುಳ್ಳು ಹೇಳುವಳು. ಭಾನುವಾರಗಳಂತೂ ಬರಲೇಬಾರದಿತ್ತು ಎನ್ನಿಸುತ್ತಿತ್ತು.

ಮಳೆಗಾಲದ ಕೊನೆಗೆ ಸಹನಾ ತರಬೇತಿಗೆಂದು ವಿಜಯವಾಡಕ್ಕೆ ಬಂದಳು. ಬ್ಯಾಗಿನಿಂದ ಒಂದು ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟಳು. ನಿರಂಜನನ ಗಾಗಲ್ಸ್!

ಗನ್ನವರಂ ಕಡೆ ಹೊಸದಾಗಿ ಆಟದ ಮೈದಾನ ಆಗಿದೆಯಂತೆ, ಮಧುರಾ ಹೋದರೂ ಹೋಗಬಹುದು, ಅವಳದ್ದು ಗೀರು ಬಿದ್ದಿದೆ, ಇದನ್ನು ಕೊಡಿ ಎಂದನಂತೆ. ಸಹನಾ ತೆಲುಗಿನಲ್ಲೇ ಅವನ ಮಾತನ್ನು ಒಪ್ಪಿಸಿದಳು. ಇಷ್ಟು ದಿನ ಹಾಕಿದ್ದೇನೆ, ಒಂದು ಸಲವೂ ಆವಿ ಕಟ್ಟಿಲ್ಲ, ನನ್ನ ಹತ್ತಿರ ಇರುವುದರಲ್ಲಿ ಇದೇ ಒಳ್ಳೆಯದು... ಅಂದನಂತೆ.

ಸಹನಾ ಹೋದ ಮೇಲೆ ಮಧುರಾ ಅದನ್ನೇ ನೋಡುತ್ತ ಕುಳಿತಳು. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಅಂಗಡಿಯ ಆ ಶನಿವಾರ ನೆನಪಾಗಿ, ಕನ್ನಡಕ ತೆಗೆದಿಟ್ಟು, ಗಾಗಲ್ಸ್ ಹಾಕಿಕೊಂಡು ಹಬೆಯ ಮೇಲೆ ಬಗ್ಗಿದಳು.

ಎಡಗಡೆ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಬಲಗಡೆ ಸ್ವಚ್ಛ.

ಒಂದು ಸಲವೂ ಕಟ್ಟಿಲ್ಲವಂತೆ! ಸುಳ್ಳು ಬೇರೆ ಹೇಳುತ್ತಾನೆ ಎಂದು ರೇಗಿತು. ಮರುಕ್ಷಣವೇ ಅನುಮಾನ ಬಂತು. ಬೇರೆ ಯಾವುದರಲ್ಲಾದರೂ ಸುಳ್ಳು ಹೇಳಿಯಾನು, ಕಣ್ಣಿನ ವಿಷಯದಲ್ಲಿ ಅವನು ಸುಳ್ಳು ಹೇಳುವವನೇ?

ಅವಳು ಮೆಲ್ಲಗೆ ಎಡಗಣ್ಣು ಮುಚ್ಚಿದಳು.

ಬಿಳುಪೆಲ್ಲ ಮಾಯ. ಎಲ್ಲಿಯೂ ಆವಿಯೇ ಇಲ್ಲ.

ಮಧುರಾ ಗಾಗಲ್ಸ್ ತೆಗೆದು ಕೈಯಲ್ಲಿ ಹಿಡಿದು ನೆಲದ ಮೇಲೆ ಕುಳಿತಳು. ಸದಾ ಬಲಗಡೆಯೇ ಇರಲಿ ಎಂದು ಜಾಗ ಬದಲಿಸುತ್ತಿದ್ದ ಅವನು. ಎಡಗಡೆ ಚೆಲ್ಲಿದ ಕಾಫಿ. ಗಾಗಲ್ಸ್ ಒತ್ತಿ ಹಿಡಿದ ಆ ಅಂಗೈ. ಮತ್ತೆ ಆ ಪ್ಲಾಟ್‌ಫಾರ್ಮ್... ಅಯ್ಯೋ ದೇವರೇ, ನಾನು ನಿಂತಿದ್ದದ್ದು ಅವನ ಎಡಗಡೆ!

ಒಲೆಯ ಮೇಲೆ ಚಹಾ ಉಕ್ಕಿ ಹರಿಯಿತು. ಅವಳು ಏಳಲಿಲ್ಲ.

ಆ ವಾರದ ಭಾನುವಾರ ವಿಶಾಖಪಟ್ಟಣದ ಸರ್ವೆ ತೋಪಿನಲ್ಲಿ ಆಟ ಇನ್ನೂ ಶುರುವಾಗಿರಲಿಲ್ಲ. ನಿರಂಜನ ಬಲೆಯ ಹೊರಗೆ ನಿಂತು ಬಾಡಿಗೆಯ ಗಾಗಲ್ಸುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ಅವನ ಗಾಗಲ್ಸ್ ಕೈಯಲ್ಲಿ ಹಿಡಿದು, ಮರಳಿನ ಮೇಲೆ ಸದ್ದಾಗದಂತೆ ನಡೆದು ಬಂದು ಮಧುರಾ ಅವನ ಎಡಗಡೆ ನಿಂತಳು. ರೈಲ್ವೆ ಸ್ಟೇಷನ್ನಿನಲ್ಲಿ ನಿಂತಿದ್ದಷ್ಟೇ ದೂರದಲ್ಲಿ. ಅವತ್ತಿನಂತೆಯೇ ಕೈ ಬೀಸಿದಳು.

ಅವನು ತಿರುಗಲಿಲ್ಲ.

ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು. ಇಷ್ಟು ದಿನ ಇವನನ್ನು ಬೈದುಕೊಂಡೆನಲ್ಲ...

“ಇದು ಒಂದ್ಸಲಾನೂ ಆವಿ ಕಟ್ಟಿಲ್ಲ ಅಂದ್ರಂತೆ,” ಎಂದಳು.

ಅವನು ಇಡೀ ಮೈ ತಿರುಗಿಸಿ ನೋಡಿದ. ಕೈಯಲ್ಲಿದ್ದದ್ದು ಮರಳಿಗೆ ಬಿತ್ತು.

“ಇಲ್ವಲ್ಲ... ಕಟ್ಟಿಲ್ಲ.”

“ಎಡಗಡೆ ಪೂರ್ತಿ ಕಟ್ಟತ್ತೆ. ಹಾಳು ಮಾಡಿದ್ದು ನಾನೇ, ವಿಭೂತಿ ಹಾಕಿ ತಿಕ್ಕಿದ್ದೆ. ನಿಮಗೆ ಗೊತ್ತೇ ಆಗಿಲ್ಲ, ಅಲ್ವಾ?”

ಅವನು ಬಿದ್ದದ್ದನ್ನು ಎತ್ತಿ ಮರಳು ಕೊಡವಿದ. ಆಮೇಲೆ ಬೆಂಚಿನ ಮೇಲೆ ಕೂತು, ನೆಲ ನೋಡುತ್ತ ಹೇಳಿದ. ಅವಳು ಈ ಊರಿಗೆ ಬರುವ ಮೊದಲಿನ ಮಾತು. ಆಗ ಅವನೂ ಇದೇ ತೋಪಿನಲ್ಲಿ ಆಡುತ್ತಿದ್ದ. ಆವಿ ಕಟ್ಟಿತೆಂದು ಒರೆಸಿಕೊಳ್ಳಲು ಗಾಗಲ್ಸ್ ಎತ್ತಿದ. ಗುಂಡೊಂದು ಎಡಗಣ್ಣಿಗೆ ಬಡಿಯಿತು. ಕಣ್ಣು ನೋಡಲು ಹಾಗೇ ಉಳಿಯಿತು, ದೃಷ್ಟಿ ಹೋಯಿತು. ಕಾರ್ಖಾನೆಯಲ್ಲಿ ಕುಲುಮೆಯ ಕೆಲಸ ಬಿಡಿಸಿ ಸೇಫ್ಟಿ ವಿಭಾಗಕ್ಕೆ ಹಾಕಿದರು. ಗೊತ್ತು ಮಾಡಿದ್ದ ಸಂಬಂಧದವರು ವಿಷಯ ತಿಳಿದು, ಕೊಟ್ಟ ಕಾಫಿಯನ್ನೂ ಕುಡಿಯದೆ ಎದ್ದು ಹೋದರು. ಅಂದಿನಿಂದ ಯಾರಿಗೂ ಹೇಳಿಲ್ಲ.

“ಸ್ಟೇಷನ್ನಿಗೆ ಅದನ್ನೇ ಹೇಳೋಕೆ ಬಂದಿದ್ದೆ. ನೀವು ಸಿಗ್ಲಿಲ್ಲ, ಫೋನೂ ಎತ್ತಲಿಲ್ಲ. ಯಾರೋ ಮೊದ್ಲೇ ಹೇಳಿರ್ಬೇಕು ಅಂದ್ಕೊಂಡೆ.”

“ನಾನು ನೀರಿನ ಅಂಗಡಿ ಮುಂದೆ ನಿಂತಿದ್ದೆ. ನಿಮ್ಮ ಎಡಗಡೆ. ಕೈ ಬೀಸ್ತಾ ಇದ್ದೆ...”

ಅವನು ತಲೆಯೆತ್ತಿದ. ಆ ಒಂದು ಕಣ್ಣಿನಲ್ಲಿ ಕಂಡದ್ದನ್ನು ಮಧುರಾ ಜನ್ಮದಲ್ಲಿ ಮರೆಯುವುದಿಲ್ಲ.

“ಹೇಳಿದ ಮೇಲೆ ಇನ್ನೇನಾದ್ರೂ ಕೇಳೋದಿತ್ತಾ?” ಎಂದಳು ಮೆಲ್ಲಗೆ.

“ಇತ್ತು. ಇಂಥವನ ಜೊತೆ ಇರ್ತೀರಾ ಅಂತ.”

ಅವಳು ಬಂದು ಬೆಂಚಿನ ಮೇಲೆ ಕುಳಿತಳು. ಅಭ್ಯಾಸದಂತೆ ಅವನು ಜಾಗ ಬದಲಿಸಲು ಏಳಹೊರಟ. ತೋಳು ಹಿಡಿದು ಕೂರಿಸಿ, ಅವನ ಎಡಗಡೆಯೇ ಉಳಿದಳು.

“ಅಲ್ಲಿ ಕೂತ್ರೆ ನೀವು ನಂಗೆ ಕಾಣಲ್ಲ, ಮಧುರಾ.”

“ಗೊತ್ತು. ಈ ಕಡೆ ನೋಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ.”

“ಇದ್ದೀರೋ ಎದ್ದು ಹೋದ್ರೋ, ನಂಗೆ ಹೇಗೆ ಗೊತ್ತಾಗ್ಬೇಕು?”

ಮಧುರಾ ಅವನ ಭುಜಕ್ಕೆ ತಲೆ ಆನಿಸಿದಳು.

“ಮಾತಾಡ್ತಾನೇ ಇರ್ತೀನಿ. ಎಷ್ಟು ತಿಂಗಳ ಕನ್ನಡ ಉಳ್ಕೊಂಡಿದೆ ಗೊತ್ತಾ ನನ್ನ ಹತ್ರ...”